ದೀಪದ ಬುಡದಲ್ಲಿ ಚೀಲ ಕಾಯುವವರು

ಕಳೆದ ಡಿಸೆಂಬರಿನ ಒಂದು ಸಂಜೆ ಕಾಪುವಿನ ದೀಪಸ್ತಂಭದ ಬುಡದಲ್ಲಿ ಕೂತು ನಾನು ಹೆಂಗಸರನ್ನು ಎಣಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಎಲ್ಲಿ ಹೋದರೂ ತಲೆ ಎಣಿಸುವ ಚಟ ಬಿಡುವುದಿಲ್ಲ. ಬಸ್ಸು ಹತ್ತಿದರೂ ಎಣಿಸುತ್ತೇವೆ, ಮದುವೆ ಮನೆಯ ಪಂಕ್ತಿಯಲ್ಲೂ ಎಣಿಸುತ್ತೇವೆ. ಅಂದು ಮುಕ್ಕಾಲು ಗಂಟೆಯೊಳಗೆ ಬಂಡೆಯ ಕೆಳಗೆ, ಮರಳಿನ ಮೇಲೆ, ಮೆಟ್ಟಿಲ ಬದಿಯಲ್ಲಿ ಕೂತ ಹೆಂಗಸರು ಒಟ್ಟು ಹದಿನೇಳು. ಅವರಲ್ಲಿ ಹದಿನಾಲ್ಕು ಮಂದಿಯ ಮಡಿಲಲ್ಲೋ ಪಕ್ಕದಲ್ಲೋ ಚೀಲಗಳಿದ್ದವು. ನೀರಿನ ಬಾಟಲಿ, ಮಗುವಿನ ಒಣಬಟ್ಟೆ, ಅರ್ಧ ತಿಂದ ಚಕ್ಕುಲಿಯ ಪೊಟ್ಟಣ, ಮೈದುನನ ಕನ್ನಡಕ, ಮಾವನ ಮಫ್ಲರು, ಗಂಡನ ಮತ್ತು ಮಗನ ಚಪ್ಪಲಿ. ಗಂಡಸರೂ ಹುಡುಗರೂ ಮೇಲೆ ಹೋಗಿದ್ದರು. ಆಗಾಗ ಮೇಲಿನ ಕಟಕಟೆಯಿಂದ ಯಾರೋ ಒಬ್ಬ ಕೈ ಬೀಸುತ್ತಿದ್ದ. ಕೆಳಗಿನಿಂದ ಒಬ್ಬಳು ಕೈ ಬೀಸುತ್ತಿದ್ದಳು.

ಹದಿನೇಳರಲ್ಲಿ ನಾನೂ ಒಬ್ಬಳು. ನನ್ನ ಮಡಿಲಲ್ಲೂ ಎರಡು ಚೀಲವಿತ್ತು.

ಈ ದೀಪಸ್ತಂಭವನ್ನು ನೋಡದವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಉಡುಪಿಯಿಂದ ಮಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಕಾಪು. ಮಾರಿಗುಡಿಗಳಿಗೆ ಹೆಸರಾದ ಊರು. ಅಲ್ಲಿಂದ ಕಡಲಿಗೆ ತಿರುಗಿದರೆ ತೆಂಗಿನ ತೋಟಗಳ ಆಚೆ ಮರಳು. ಮರಳಿನ ಆಚೆ ನೀರಿಗೆ ಚಾಚಿದ ಒಂದು ದೊಡ್ಡ ಕರಿಬಂಡೆ. ಬಂಡೆಯ ನೆತ್ತಿಯ ಮೇಲೆ ಕಪ್ಪು ಬಿಳಿ ಪಟ್ಟೆಯ ಗೋಪುರ. 1901ರಲ್ಲಿ ಕಟ್ಟಿದ್ದು. ಎತ್ತರ ಸುಮಾರು 27 ಮೀಟರು, ಅಂದರೆ ಎಂಟು ಒಂಬತ್ತು ಅಂತಸ್ತಿನ ಮನೆಯಷ್ಟು. ಒಳಗೆ ಸುತ್ತು ಮೆಟ್ಟಿಲು. ಸಂಜೆ ಹೊತ್ತು ಕೆಲವೇ ಗಂಟೆ ಜನರನ್ನು ಮೇಲೆ ಬಿಡುತ್ತಾರೆ. ಮೊದಲು ಸೀಮೆಎಣ್ಣೆಯ ದೀಪ ಉರಿಯುತ್ತಿದ್ದ ಜಾಗದಲ್ಲಿ ಈಗ ವಿದ್ಯುತ್ ದೀಪ. ಕಡಲಲ್ಲಿರುವ ನಾವಿಕನಿಗೆ ರಾತ್ರಿ ಗೋಪುರ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಅದಕ್ಕೇ ಒಂದೊಂದು ದೀಪಸ್ತಂಭಕ್ಕೆ ಒಂದೊಂದು ಮಿನುಗಿನ ಲೆಕ್ಕ. ಇಷ್ಟು ಸೆಕೆಂಡಿಗೆ ಇಷ್ಟು ಸಲ ಮಿನುಗಿದರೆ ಇದು ಇಂಥ ಊರು ಎಂದು ಅವನು ಗುರುತು ಹಿಡಿಯುತ್ತಾನೆ. ಸಣ್ಣ ದೀಪದ ಬೆಳಕನ್ನು ಮೈಲಿಗಟ್ಟಲೆ ದೂರ ಎಸೆಯುವ ಪಟ್ಟಿಪಟ್ಟಿಯ ಗಾಜಿನ ಮಸೂರವನ್ನು 1820ರ ದಶಕದಲ್ಲಿ ರೂಪಿಸಿದವನು ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ. ಇದನ್ನೆಲ್ಲ ನಾನು ತರಗತಿಯಲ್ಲಿ ಹಲವು ವರ್ಷ ಹೇಳಿದ್ದೇನೆ, ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದಿದ್ದೇನೆ. ಆದರೆ ಐವತ್ತು ದಾಟುವವರೆಗೆ ಒಂದು ದೀಪಸ್ತಂಭವನ್ನೂ ಹತ್ತಿರಲಿಲ್ಲ. ಇದು ಹೆಮ್ಮೆಯ ಮಾತಲ್ಲ.

ಹತ್ತಲು ಅವಕಾಶವಿರಲಿಲ್ಲ ಎಂದಲ್ಲ. ಕಾಪುವಿಗೇ ಇದು ನನ್ನ ನಾಲ್ಕನೆಯ ಭೇಟಿ.

ಮೊದಲ ಸಲ 1981ರಲ್ಲಿ, ಅಪ್ಪ ಅಮ್ಮ ಅಣ್ಣಂದಿರ ಜೊತೆ ಘಟ್ಟ ಇಳಿದು ಬಂದಾಗ. ನಾನು ಹತ್ತು ಹನ್ನೊಂದರ ಹುಡುಗಿ. ಅಣ್ಣಂದಿರು ಬಂಡೆಯ ಮೆಟ್ಟಿಲನ್ನು ಓಡುತ್ತ ಹತ್ತಿದರು. ನಾನೂ ಓಡಿದೆ. ಅಮ್ಮ ಜಡೆ ಹಿಡಿದು ನಿಲ್ಲಿಸಿದಳು. "ಲಂಗ ಗಾಳಿಗೆ ಹಾರುತ್ತೆ, ಕೂತ್ಕೋ ಇಲ್ಲಿ." ಅಮ್ಮನೂ ಕೂತಿದ್ದಳು. ಆಕೆ ಸಮುದ್ರವನ್ನು ನೋಡಿದ್ದು ಅದೇ ಮೊದಲು. ಕೊನೆಯೂ ಅದೇ ಆಯಿತು. ಬೆನ್ನು ಸಮುದ್ರಕ್ಕೆ, ಮುಖ ನಮ್ಮ ಸಾಮಾನಿನ ಕಡೆಗೆ, ಯಾರಾದರೂ ಎತ್ತಿಕೊಂಡು ಹೋದಾರೆಂದು. ಅಷ್ಟು ದೂರ ಬಂದು ಆಕೆ ನೋಡಿದ್ದು ಒಂದು ಟ್ರಂಕನ್ನು.

ಎರಡನೆಯ ಸಲ 1994ರಲ್ಲಿ, ಮದುವೆಯಾದ ಹೊಸತರಲ್ಲಿ. ಗಂಡನ ಮನೆಯವರೆಲ್ಲ ಸೇರಿ ಹತ್ತು ಜನ. ಹೊಸ ಸೊಸೆಯಾದವಳು ಮೆಟ್ಟಿಲು ಹತ್ತುತ್ತೇನೆಂದು ಹೊರಟರೆ ಅತ್ತೆಯವರ ಪಕ್ಕ ಕೂರುವವರಾರು? ಯಾರೂ ಬೇಡ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನಮ್ಮಲ್ಲಿ ಎಷ್ಟೋ ಬಾಗಿಲುಗಳಿಗೆ ಬೀಗವೇ ಇರುವುದಿಲ್ಲ. ತಳ್ಳಿ ನೋಡುವುದಿಲ್ಲ, ಅಷ್ಟೆ.

ಮೂರನೆಯ ಸಲದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇನ್ನೊಬ್ಬರನ್ನು ಬೈಯುವವಳು ತನ್ನ ತಪ್ಪನ್ನು ಮುಚ್ಚಿಟ್ಟುಕೊಳ್ಳಬಾರದು. 2009ರಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆತಂದಿದ್ದೆವು. ಬಸ್ಸು ತಡವಾಗಿ, ಕಾಪು ತಲುಪುವಾಗ ಹೊತ್ತು ಮೀರುತ್ತಿತ್ತು. ಎಲ್ಲರನ್ನೂ ಮೇಲೆ ಕಳಿಸಲು ಸಮಯವಿರಲಿಲ್ಲ. ಅರ್ಧ ಜನ ಮಾತ್ರ ಹೋಗಬಹುದು. ಯಾವ ಅರ್ಧ? ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಹುಡುಗರು ಸಾಲಾಗಿ ಹೋಗಿ. ಹುಡುಗಿಯರು ಇಲ್ಲೇ ಕೂತು ಅವರ ಚೀಲ ನೋಡಿಕೊಳ್ಳಿ" ಎಂದೆ. ಹಿಂದಿನ ಸಾಲಿನ ಒಬ್ಬ ಹುಡುಗಿ, ಎಂದೂ ಹೆಚ್ಚು ಮಾತಾಡದವಳು, "ಟೀಚರ್, ಇಲ್ಲಿ ಕೂತು ನಾವು ಏನು ನೋಡಬೇಕು?" ಎಂದು ಕೇಳಿದಳು. ಅಧಿಕಪ್ರಸಂಗ ಮಾಡಬೇಡ ಎಂದು ಗದರಿದೆ.

ಊರಿಗೆ ಮರಳಿ ಪ್ರಬಂಧ ಬರೆಸಿದೆ. ವಿಷಯ, "ನಾನು ಕಂಡ ದೀಪಸ್ತಂಭ". ಆ ಹುಡುಗಿ ಬರೆದದ್ದು ಎರಡೇ ವಾಕ್ಯ. "ದೀಪಸ್ತಂಭದ ಕೆಳಗೆ ನನ್ನ ಹತ್ತಿರ ಹನ್ನೊಂದು ಚೀಲಗಳಿದ್ದವು. ಒಂದೂ ಕಳೆಯಲಿಲ್ಲ." ನಾನು ಕೆಂಪು ಮಸಿಯಲ್ಲಿ "ವಿಷಯ ಸಾಲದು" ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಮೌಲ್ಯಮಾಪನಗಳಲ್ಲಿ ಇಷ್ಟು ತಪ್ಪಾದದ್ದು ಇನ್ನೊಂದಿಲ್ಲ. ವಿಷಯ ಸಾಲದೇ ಇದ್ದದ್ದು ನನಗೆ.

ಈ ಮಾತನ್ನು ನಮ್ಮ ಮಹಿಳಾ ಸಮಾಜದ ಗೆಳತಿಯರ ನಡುವೆ ತೆಗೆದಾಗ ಬಂದ ಉತ್ತರಗಳನ್ನು ಇಲ್ಲಿ ಇಡುತ್ತೇನೆ. ನಿಮ್ಮ ಮನಸ್ಸಿಗೂ ಇವೇ ಬಂದಿರಬಹುದು.

"ಮೇಲೆ ಹೋಗಿ ಆಗಬೇಕಾದ್ದೇನು? ಕೆಳಗಿನಿಂದಲೂ ಅದೇ ನೀರು." ಹಾಗಿದ್ದರೆ ಗಂಡಸರೇಕೆ ಹೋಗುತ್ತಾರೆ? ಅವರಿಗೆ ಕೆಳಗಿನ ನೀರು ಸಾಲದೇ? ಪ್ರಯೋಜನವಿಲ್ಲದ ಕೆಲಸವನ್ನು ಸಂತೋಷಕ್ಕಾಗಿ ಮಾಡುವ ಹಕ್ಕು ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರಿಗೂ ಇದೆ. ಹೆಂಗಸಿನ ಒಂದೊಂದು ಹೆಜ್ಜೆಗೂ "ಆಗಬೇಕಾದ್ದೇನು" ಎಂಬ ಲೆಕ್ಕ ಕೇಳುವುದನ್ನು ಮೊದಲು ನಾವು ನಿಲ್ಲಿಸಬೇಕು.

"ಸೀರೆಯುಟ್ಟು ಆ ಮೆಟ್ಟಿಲು ಹತ್ತುವುದು ಹೇಗೆ?" ಸೀರೆಯುಟ್ಟು ನಾವು ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿ ಇಳಿಸುತ್ತೇವೆ. ಸೀರೆಯುಟ್ಟು ನೂರಾರು ಮೆಟ್ಟಿಲಿನ ಬೆಟ್ಟ ಹತ್ತಿ ದೇವರ ದರ್ಶನ ಮಾಡುತ್ತೇವೆ. ಹರಕೆಗೆ ಅಡ್ಡಬಾರದ ಸೀರೆ ನೋಟಕ್ಕೆ ಮಾತ್ರ ಅಡ್ಡ ಬರುತ್ತದೆಯೇ?

"ಮೊಣಕಾಲು ನೋವು." ಇದು ನಿಜವಾದ ಕಾರಣ, ಒಪ್ಪುತ್ತೇನೆ. ನೋವಿರುವವರು ಹತ್ತಬೇಡಿ. ಆದರೆ ಹದಿನೇಳು ಮಂದಿಯಲ್ಲಿ ಎಂಟು ಹತ್ತು ಮಂದಿ ಮೂವತ್ತು ದಾಟದವರು. ಹದಿನಾರರ ಹುಡುಗಿಗೂ ಮೊಣಕಾಲು ನೋವೇ?

"ಚೀಲ ಯಾರು ನೋಡಿಕೊಳ್ಳಬೇಕು?" ಕೊನೆಗೆ ಎಲ್ಲ ಮಾತೂ ಬಂದು ನಿಲ್ಲುವುದು ಇಲ್ಲಿಗೇ. ಯಾರಾದರೂ ನೋಡಿಕೊಳ್ಳಲಿ, ಸರದಿಯ ಮೇಲೆ ನೋಡಿಕೊಳ್ಳಲಿ. ಹೆಂಗಸು ಹುಟ್ಟುವಾಗಲೇ ಕಂಕುಳಲ್ಲಿ ಚೀಲ ಇಟ್ಟುಕೊಂಡು ಹುಟ್ಟಿದ್ದಾಳೆ ಎಂಬಂತೆ ಆ ಪ್ರಶ್ನೆಯನ್ನು ನಾವೇ ಕೇಳಿ ನಾವೇ ಉತ್ತರಿಸಿಕೊಳ್ಳುತ್ತೇವಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಇನ್ನೊಂದು ಮಾತನ್ನು ಒಬ್ಬ ಹಿರಿಯ ಸಹೋದ್ಯೋಗಿ ಹೇಳಿದರು. "ಕಡಲು, ದೀಪಸ್ತಂಭ, ಹಡಗು ಇವೆಲ್ಲ ಗಂಡಸರ ಲೋಕ. ಹೆಂಗಸರಿಗೆ ಅದರಲ್ಲಿ ಆಸಕ್ತಿ ಇರುವುದಿಲ್ಲ." ಅವರಿಗೆ ಇತಿಹಾಸ ಗೊತ್ತಿಲ್ಲ ಎಂದಷ್ಟೇ ಹೇಳಬಹುದು. 1838ರಲ್ಲಿ ಇಂಗ್ಲೆಂಡಿನ ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್, ಇಪ್ಪತ್ತೆರಡು ವರ್ಷದವಳು, ಬಿರುಗಾಳಿಯಲ್ಲಿ ಅಪ್ಪನ ಜೊತೆ ದೋಣಿಗೆ ಹುಟ್ಟು ಹಾಕಿ ಹೊರಟಳು. ಒಡೆದ ಹಡಗಿನಿಂದ ಬಂಡೆಯ ಮೇಲೆ ಸಿಕ್ಕಿಬಿದ್ದಿದ್ದ ಒಂಬತ್ತು ಜನ ಬದುಕಿ ಉಳಿದರು. ಅಮೆರಿಕದ ಲೈಮ್ ರಾಕ್ ಎಂಬಲ್ಲಿ ಐಡಾ ಲೂಯಿಸ್ ಎಂಬವಳು ಅಪ್ಪನಿಗೆ ಲಕ್ವ ಹೊಡೆದ ಮೇಲೆ ಹದಿಹರೆಯದಲ್ಲೇ ದೀಪಸ್ತಂಭದ ಕೆಲಸಕ್ಕೆ ಹೆಗಲು ಕೊಟ್ಟಳು. ದುಡಿದವಳು ಮಗಳು, ಸರಕಾರದ ಪುಸ್ತಕದಲ್ಲಿದ್ದ ಹೆಸರು ಮೊದಲು ಅಪ್ಪನದು, ಆಮೇಲೆ ಅಮ್ಮನದು. ಅವಳ ಹೆಸರು ಅಧಿಕೃತವಾಗಿ ಏರಿದ್ದು 1879ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ. ಅವಳು ನೀರಿನಿಂದ ಎತ್ತಿದ ಜೀವಗಳು ಹದಿನೆಂಟು ಎಂದು ದಾಖಲೆ ಹೇಳುತ್ತದೆ.

ದೂರದ ಮಾತು ಬೇಡವೆಂದರೆ ನಮ್ಮದೇ ಉದಾಹರಣೆಗಳಿವೆ. 2015ರ ಜೂನಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಕೆಟ್ಟು ನಿಂತು ಮುಳುಗುತ್ತಿದ್ದ ದೋಣಿಯಿಂದ ಏಳು ಮಂದಿ ಮೀನುಗಾರರನ್ನು ಕಾಪಾಡಿದ ಹಡಗಿನ ಕ್ಯಾಪ್ಟನ್ ಕೇರಳದ ರಾಧಿಕಾ ಮೆನನ್. ಮರುವರ್ಷ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ ಆಕೆ. 2017ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಗೋವಾದಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಹೊರಟ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಇಡೀ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಭೂಮಿ ಸುತ್ತುವುದು ಸಾಧ್ಯವಾದ ಜಾತಿಗೆ 27 ಮೀಟರು ಹತ್ತಲು ಆಸಕ್ತಿ ಇರುವುದಿಲ್ಲವಂತೆ!

ಇಷ್ಟೇ ಆಗಿದ್ದರೆ ಇದು ಪ್ರವಾಸಕ್ಕೆ ಹೋಗಬಲ್ಲ ನಮ್ಮಂಥ ಪೇಟೆಯ ಹೆಂಗಸರ ಮನೆಜಗಳ ಎಂದು ತಳ್ಳಿಹಾಕಬಹುದಿತ್ತು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಇನ್ನೊಂದು ಪ್ರವಾಸ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

2018ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರಾವಳಿಯ ಒಂದು ಮೀನುಗಾರಿಕೆ ಬಂದರಿಗೆ ಕರೆದೊಯ್ದಿದ್ದೆ. ಅದರ ಹೆಸರು ಇಲ್ಲಿ ಬೇಡ. ಘಟ್ಟದ ಮೇಲಿನ ಮಕ್ಕಳಿಗೆ ಮೀನು ಎಂದರೆ ಸಂತೆಯ ಬುಟ್ಟಿಯಲ್ಲಿ ಐಸಿನ ಚೂರಿನೊಳಗೆ ಮಲಗಿದ್ದು. ಅದು ದಡಕ್ಕೆ ಬರುವುದನ್ನು ನೋಡಲಿ ಎಂಬ ಆಸೆ. ಬೆಳಿಗ್ಗೆ ಎಂಟರ ಹೊತ್ತಿಗೆ ಧಕ್ಕೆಯ ಮೇಲೆ ನಿಂತೆವು. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ ರಾಶಿರಾಶಿಯಾಗಿ ನೆಲಕ್ಕೆ ಬೀಳುತ್ತಿದ್ದವು. ಹರಾಜಿನ ಕೂಗು, ಐಸು ಒಡೆಯುವ ಸದ್ದು, ಕಾಲಡಿಗೆ ಜಾರುವ ನೀರು. ಆ ರಾಶಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮೀನು ಆರಿಸುತ್ತಿದ್ದವರು ಹೆಂಗಸರು. ಬುಟ್ಟಿ ಹೊರುತ್ತಿದ್ದವರು ಹೆಂಗಸರು. ಹರಾಜಿನಲ್ಲಿ ಕೂಗಿ ಕೊಂಡು, ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಲು ಹೊರಟವರೂ ಹೆಂಗಸರು. ಕಡಲಿಗೆ ಹೋಗುವವನು ಗಂಡಸು, ನಿಜ. ಆದರೆ ಕಡಲಿನಿಂದ ಬಂದದ್ದು ದುಡ್ಡಾಗುವುದು ಈ ಹೆಂಗಸರ ಕೈದಾಟಿ.

ಅಷ್ಟು ಹೊತ್ತಿಗೆ ನನ್ನ ಒಬ್ಬ ವಿದ್ಯಾರ್ಥಿನಿ ಬಂದು ಸೆರಗು ಎಳೆದಳು. ಮುಖ ಬಿಳುಚಿತ್ತು. ದಿನಕ್ಕೆ ಮುಂಚೆ ಮುಟ್ಟಾಗಿತ್ತು. ಶೌಚಾಲಯ ಹುಡುಕಿದೆ. ಒಂದು ಕಟ್ಟಡವಿತ್ತು, ಹೆಂಗಸಿನ ಚಿತ್ರವೂ ಬಾಗಿಲ ಮೇಲಿತ್ತು, ಬಾಗಿಲಿಗೆ ಬೀಗವೂ ಇತ್ತು. ಬೀಗ ತುಕ್ಕು ಹಿಡಿದಿತ್ತು. ಕೀ ಯಾರ ಹತ್ತಿರ ಎಂದು ನಾಲ್ಕು ಕಡೆ ಕೇಳಿದೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆ ಇನ್ನೊಬ್ಬರು ಊಟಕ್ಕೆ ಹೋಗಿದ್ದಾರೆ ಎಂದರು, ಬೆಳಿಗ್ಗೆ ಎಂಟೂವರೆಗೆ! ಕೊನೆಗೆ ಮೀನು ಆರಿಸುತ್ತಿದ್ದ ಒಬ್ಬಾಕೆ ಎದ್ದು ಕೈ ತೊಳೆದು, ಏನೂ ಕೇಳದೆ, ಹುಡುಗಿಯ ಭುಜ ಹಿಡಿದು ಹತ್ತು ನಿಮಿಷದ ದಾರಿಯಲ್ಲಿದ್ದ ತನ್ನ ತಂಗಿಯ ಮನೆಗೆ ನಮ್ಮನ್ನು ಕರೆದೊಯ್ದಳು. ಅಷ್ಟು ಹೊತ್ತಿನ ಕೂಲಿ ಆಕೆಗೆ ಹೋಯಿತು. ದುಡ್ಡು ಕೊಡಲು ಹೋದರೆ ಬೈದಳು.

ದಾರಿಯಲ್ಲಿ ಕೇಳಿದೆ, "ನೀವೆಲ್ಲ ಏನು ಮಾಡುತ್ತೀರಿ?"

"ನಾವು ಮನೆ ಬಿಡುವುದು ಬೆಳಗಿನ ಜಾವ ನಾಲ್ಕಕ್ಕೆ. ಮತ್ತೆ ಮನೆ ಸೇರುವುದು ಮಧ್ಯಾಹ್ನ. ನೀರು ಕುಡಿದರಲ್ವಾ ಟೀಚರೇ ತೊಂದರೆ? ಕುಡಿಯುವುದೇ ಇಲ್ಲ."

ಆಕೆ ಅದನ್ನು ದೂರಿನಂತೆ ಹೇಳಲಿಲ್ಲ. ಬಂಗುಡೆಯ ದರ ಹೇಳಿದಂತೆ ಹೇಳಿದಳು. ನೀರಿನ ಅಂಚಿನಲ್ಲಿ ನಿಂತು ದಿನಕ್ಕೆ ಎಂಟು ಗಂಟೆ ದುಡಿಯುವ ಹೆಂಗಸು ಗಂಟಲು ಒಣಗಿಸಿಕೊಂಡು ಇರುತ್ತಾಳೆ, ಒಂದು ಬೀಗದ ಕೈ ಸಿಗದ ಕಾರಣಕ್ಕೆ. ನೀರು ಕುಡಿಯದೆ, ಮೂತ್ರ ತಡೆದು ತಡೆದು ಹೆಂಗಸರಿಗೆ ಉರಿಮೂತ್ರ, ಸೋಂಕು ಹತ್ತುವುದು ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಅದು ರೋಗವೆಂದು ನಾವು ಬರೆಯುತ್ತೇವೆ. ನನ್ನ ಪ್ರಕಾರ ಅದು ಬೀಗ.

ಈಗ ಕರಾವಳಿಯ ಉದ್ದಕ್ಕೂ ಪ್ರವಾಸೋದ್ಯಮದ ಮಾತು. ಅಲಂಕಾರದ ಬೆಂಚುಗಳು, ಬಣ್ಣದ ದೀಪಗಳು, ಸೆಲ್ಫಿ ತೆಗೆಯುವ ಕಟ್ಟೆಗಳು. ಮಲ್ಪೆಯಲ್ಲಿ 2018ರಲ್ಲಿ ಕಡಲಿಗೆ ಚಾಚಿದ ನಡೆದಾರಿಯೇ ತೆರೆಯಿತು. ನಾನೂ ಅದರ ಮೇಲೆ ನಡೆದಿದ್ದೇನೆ, ಸಂತೋಷಪಟ್ಟಿದ್ದೇನೆ. ಅಂಥದ್ದು ಬೇಡ ಎನ್ನುವ ಹಠ ನನಗಿಲ್ಲ. ನನ್ನ ಪ್ರಶ್ನೆ ಕ್ರಮದ್ದು. ಸಂಜೆ ಅರ್ಧ ಗಂಟೆ ಗಾಳಿ ಸೇವಿಸಲು ಬರುವವರಿಗೆ ಬೆಂಚು ಮೊದಲೋ, ಬೆಳಗಿನ ಜಾವದಿಂದ ಕುಕ್ಕರುಗಾಲಲ್ಲಿ ಕೂತವಳಿಗೆ ಬಾಗಿಲು ತೆರೆದಿರುವ ಶೌಚಾಲಯ, ತಲೆಯ ಮೇಲೊಂದು ನೆರಳು, ಕುಡಿಯುವ ನೀರಿನ ನಲ್ಲಿ ಮೊದಲೋ? ಮನೆಗೆ ರಂಗೋಲಿ ಇಡುವ ಮುಂಚೆ ಬಚ್ಚಲು ಕಟ್ಟಬೇಕು ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ವಿಷಯ.

ನಾವು ಹೆಣ್ಣಿನ ಹೆಸರನ್ನು ಗೌರವಿಸುವುದರಲ್ಲಿ ಹಿಂದೆ ಬಿದ್ದವರಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರನ್ನು ಕರಾವಳಿ ಕಾವಲು ಪಡೆಯ ಗಸ್ತು ಹಡಗಿಗೆ ಇಟ್ಟು 2012ರಲ್ಲಿ ಸೇವೆಗೆ ಸೇರಿಸಿದರು. ಒಳ್ಳೆಯದೇ ಆಯಿತು. ಆದರೆ ಅಬ್ಬಕ್ಕನ ಕಡಲದಂಡೆಯಲ್ಲಿ ಇಂದು ದುಡಿಯುವವಳಿಗೆ ಹಡಗಿನ ಮೇಲೆ ಹೆಸರು ಬೇಕಾಗಿಲ್ಲ. 2023ರ ಜೂನಿನಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಅದರಿಂದ ನನ್ನಂಥವರು ಊರೂರು ಸುತ್ತುವುದು ಸುಲಭವಾಯಿತು, ಅದನ್ನು ಮನಸಾರೆ ಹೊಗಳುತ್ತೇನೆ. ಆದರೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು ಎಂಬುದು ಅಲ್ಲಿಯವರಿಗೆಲ್ಲ ಗೊತ್ತು. ನೀರು ಸೋರುವ ಮೀನಿನ ಬುಟ್ಟಿ ಹೊತ್ತವಳು ಟಿಕೆಟ್ಟಿಗೂ ರಿಕ್ಷಾಕ್ಕೂ ದುಡ್ಡು ಎಣಿಸುತ್ತಲೇ ಇದ್ದಾಳೆ. ಅದರ ಮೇಲೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿಗೆ ಅದು ಬೇಕು. ಆ ಎರಡು ತಿಂಗಳು ಧಕ್ಕೆ ಬಣಗುಟ್ಟುವಾಗ ಬುಟ್ಟಿಯವಳ ಒಲೆ ಹೇಗೆ ಉರಿಯುತ್ತದೆಂಬುದೂ ಅಷ್ಟೇ ಮುಖ್ಯವಾದ ಲೆಕ್ಕ ಆಗಬೇಕಲ್ಲವೇ?

"ಕಟ್ಟಿಕೊಟ್ಟರೂ ಅವರು ಉಪಯೋಗಿಸುವುದಿಲ್ಲ, ಹಾಳುಗೆಡವುತ್ತಾರೆ, ಅದಕ್ಕೇ ಬೀಗ" ಎಂದು ಅಂದು ಒಬ್ಬ ಸಜ್ಜನರು ನನಗೆ ವಿವರಿಸಿದರು. ನಮ್ಮ ಶಾಲೆಯಲ್ಲೂ ಇದೇ ನ್ಯಾಯದಲ್ಲಿ ಗ್ರಂಥಾಲಯಕ್ಕೆ ಬಹಳ ಕಾಲ ಬೀಗವಿತ್ತು. ಮಕ್ಕಳು ಪುಸ್ತಕ ಹರಿಯುತ್ತಾರಂತೆ. ಬೀಗ ತೆಗೆದ ವರ್ಷ ನಾಲ್ಕು ಪುಸ್ತಕ ಹರಿಯಿತು, ಉಳಿದೆಲ್ಲವನ್ನೂ ಓದಿದರು. ಶೌಚಾಲಯ ಕೊಳೆಯಾದರೆ ತೊಳೆಯಲು ಜನ ಇಡಬೇಕು, ಅವರಿಗೆ ಸಂಬಳ ಕೊಡಬೇಕು, ನೀರು ಬಿಡಬೇಕು. ಕಟ್ಟಡದ ಉದ್ಘಾಟನೆಗೆ ಕಲ್ಲು ನೆಡುವಷ್ಟು ಉತ್ಸಾಹ ಅದರ ಬಕೆಟ್ಟಿಗೂ ಇರಬೇಕು.

ನನ್ನ ಚೀಲವೂ ಆಕೆಯ ಬುಟ್ಟಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಹಂಕಾರವಾದೀತು. ನನಗೆ ತಪ್ಪಿದ್ದು ಒಂದು ನೋಟ. ಆಕೆಗೆ ತಪ್ಪಿದ್ದು ಕುಡಿಯುವ ನೀರು. ಆದರೆ ಎರಡರ ಹಿಂದೆಯೂ ಇರುವ ಯೋಚನೆ ಒಂದೇ. ಹೆಂಗಸು ಹೇಗೋ ಹೊಂದಿಕೊಳ್ಳುತ್ತಾಳೆ, ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಎಂಬುದು. ಅರ್ಧ ಜನ ಹೋಗಬಹುದು ಎಂದಾಗ ಯಾವ ಅರ್ಧ ಎಂದು ನಾನು ಯೋಚಿಸದೇ ಇದ್ದೆನಲ್ಲ, ಬಂದರು ಕಟ್ಟಿದವರೂ ಹಾಗೆಯೇ ಯೋಚಿಸಲಿಲ್ಲ. ಅವರು ದುಷ್ಟರಾಗಿರಲಿಕ್ಕಿಲ್ಲ. ನಾನೂ ದುಷ್ಟಳಾಗಿರಲಿಲ್ಲ. ಅದೇ ಹೆದರಿಕೆಯ ವಿಷಯ. ಚಿಕ್ಕಂದಿನಲ್ಲಿ ಚೀಲ ಕಾದು ಕಾದು ಅಭ್ಯಾಸವಾದ ನಾವೇ ಮುಂದೆ ಟೀಚರಾಗಿ, ಪಂಚಾಯತಿ ಸದಸ್ಯೆಯಾಗಿ, ಅಧಿಕಾರಿಯಾಗಿ ಕೂತಾಗ ಇನ್ನೊಬ್ಬಳ ಬಾಯಾರಿಕೆ ನಮಗೆ ಕಾಣುವುದಿಲ್ಲ. ನಮ್ಮದನ್ನೇ ನಾವು ಕೇಳಿ ಗೊತ್ತಿಲ್ಲದವರು ಅವಳದನ್ನು ಹೇಗೆ ಕೇಳುತ್ತೇವೆ?

ಕಳೆದ ಡಿಸೆಂಬರಿನ ಆ ಸಂಜೆಗೆ ಮರಳುತ್ತೇನೆ. ನನ್ನ ಯಜಮಾನರು ಅಕ್ಕನ ಮೊಮ್ಮಗನನ್ನು ಕರೆದುಕೊಂಡು ಮೇಲೆ ಹೋಗಿದ್ದರು. ಇಳಿದು ಬಂದು, ಎಂದಿನಂತೆ, "ನಡಿ, ಕತ್ತಲಾಗುತ್ತೆ" ಎಂದರು. ನಾನು ಎರಡು ಚೀಲವನ್ನೂ ಅವರ ಕೈಗೆ ಕೊಟ್ಟು, "ಇಲ್ಲಿ ಕೂತಿರಿ, ಹೋಗಿ ಬರುತ್ತೇನೆ" ಎಂದೆ. ಅವರು ಕೂತರು. ಮೂವತ್ತು ವರ್ಷದ ಮೇಲೆ ನಾನು ಕಂಡುಕೊಂಡದ್ದು ಇದು: ಹೇಳಿದರೆ ಅವರು ಕೂರುತ್ತಿದ್ದರು, ನಾನು ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಇಷ್ಟು ಸುಲಭವಲ್ಲವೆಂದು ಗೊತ್ತು. ಆದರೆ ಸುಲಭವಿದ್ದವರಾದರೂ ಶುರು ಮಾಡಬಾರದೇ?

ಮೂರು ಕಡೆ ನಿಂತು ಉಸಿರು ಎಳೆದುಕೊಂಡೆ. ಕೊನೆಕೊನೆಗೆ ದಾರಿ ಇಕ್ಕಟ್ಟು. ಹೊರಗೆ ತಲೆ ಹಾಕಿದೊಡನೆ ಗಾಳಿ ಸೆರಗನ್ನು ಹಿಡಿದೆಳೆಯಿತು; ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅಷ್ಟಕ್ಕೆ ಮುಗಿಯಿತು ಆ ಸಮಸ್ಯೆ. ಒಂದು ಕಡೆ ಕಣ್ಣು ಹಾಯುವವರೆಗೆ ನೀರು. ಇನ್ನೊಂದು ಕಡೆ ತೆಂಗಿನ ತಲೆಗಳು, ಅದರ ನಡುವೆ ಹಿನ್ನೀರಿನ ಹೊಳಪು. ದೂರದಲ್ಲಿ ಮೂರು ಬೋಟುಗಳು ದಡದ ಕಡೆಗೋ ದಡ ಬಿಟ್ಟೋ, ತಿಳಿಯಲಿಲ್ಲ. ಕೆಳಗಿನಿಂದ ಕಾಣುವ ನೀರೇ ಅಲ್ಲ ಅದು. ಕೆಳಗಿನಿಂದ ಅಲೆ ಕಾಣುತ್ತದೆ. ಮೇಲಿನಿಂದ ಕಡಲು ಕಾಣುತ್ತದೆ. ಹನ್ನೊಂದು ಚೀಲದ ಹುಡುಗಿಗೆ ನಾನು ತಪ್ಪಿಸಿದ್ದು ಇದನ್ನು.

ಆದ್ದರಿಂದ ಓದುತ್ತಿರುವ ನಿಮ್ಮಲ್ಲಿ ನನ್ನ ಕೇಳಿಕೆ ಮೂರು. ಮುಂದಿನ ಸಲ ಕುಟುಂಬದೊಡನೆ ಎಲ್ಲಿಗೇ ಹೋದರೂ, ಬೆಟ್ಟವಿರಲಿ, ಕೋಟೆಯಿರಲಿ, ದೀಪಸ್ತಂಭವಿರಲಿ, ಚೀಲವನ್ನು ಸರದಿಯ ಮೇಲೆ ಕಾಯಿರಿ. ಮೊದಲ ಸರದಿ ನಿಮ್ಮದೇ ಆಗಬೇಕೆಂದೇನೂ ಇಲ್ಲ. ನೀವು ಟೀಚರಾಗಿದ್ದರೆ, ಸಮಯ ಸಾಲದ ದಿನ ಹುಡುಗಿಯರ ಸಾಲನ್ನು ಮೊದಲು ಕಳಿಸಿ. ಹುಡುಗರಿಗೆ ಅಣ್ಣ ತಮ್ಮಂದಿರೊಡನೆ ಇನ್ನೊಮ್ಮೆ ಬರುವ ಅವಕಾಶ ಸಿಗುತ್ತದೆ, ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಅದೇ ಕೊನೆ. ಮೂರನೆಯದು, ಬಂದರಿಗೋ ಮೀನು ಮಾರುಕಟ್ಟೆಗೋ ಹೋದಾಗ ಮೀನಿನ ದರದ ಜೊತೆಗೆ ಇನ್ನೊಂದು ಮಾತು ಕೇಳಿ. ಇಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ, ಅವರು ಎಷ್ಟು ಗಂಟೆಗೆ ಬರುತ್ತಾರೆ. ಉತ್ತರ ಸಿಗುವವರೆಗೆ ಅಲ್ಲಿಂದ ಕದಲಬೇಡಿ.